ತಡವಾಗಿ ಬಂದ ಬಾಗಿನ

ಗೌರಿ ಹಬ್ಬಕ್ಕೆ ಮೊದಲು ತವರಿನಿಂದ ಬಾಗಿನ ಬಾರದ ಸೊಸೆ ಅತ್ತೆಮನೆಯಲ್ಲಿ ಯಾವ ಯಾವ ಮಾತು ಕೇಳಬೇಕಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ರಾಜಾಜಿನಗರದ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಅವನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರು ಅಂದರು, ಎಲ್ಲಿ ನಿಂತು ಅಂದರು, ಆಗ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂಬುದನ್ನು ಸಹ. ಮರೆತುಬಿಡು ಎಂದು ನನ್ನ ಯಜಮಾನರು ಬದುಕಿದ್ದಷ್ಟು ದಿನವೂ ಹೇಳಿದರು. ಅಂದವರು ಆಗಲೇ ಮರೆತಾಗಿತ್ತು. ಇಬ್ಬರೂ ಮರೆತರೆ ಆ ಮಾತು ಆಡಿಯೇ ಇಲ್ಲವೆಂದಾಗುತ್ತದೆ. ಅಷ್ಟು ಉಪಕಾರ ಮಾಡಲು ನನಗೆ ಮನಸ್ಸಿರಲಿಲ್ಲ.

ನನ್ನ ತವರು ಕೆಂಗೇರಿಯಿಂದ ಆಚೆ, ಮುಖ್ಯರಸ್ತೆ ಬಿಟ್ಟು ಒಳಗೆ ನಡೆಯಬೇಕಾದ ಹಳ್ಳಿ. ನಮ್ಮದು ಜಮೀನಿಲ್ಲದ ಮನೆ. ಸುತ್ತಲಿನ ಹೊಲಗಳು ಲೇಔಟುಗಳಾದಾಗ ಹೊಲವಿದ್ದವರು ಕಾರು ಕೊಂಡರು. ನಮ್ಮವರಿಗೆ ಕೂಲಿಗೆ ಹೋಗಲು ಇದ್ದ ಹೊಲಗಳೂ ಇಲ್ಲವಾದವು. ನಾನು ಹಾಸ್ಟೆಲಿನಲ್ಲಿ ಓದಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಹಿಡಿದು ಈ ಮನೆ ಸೇರಿದೆ. ತಮ್ಮ ಅಲ್ಲಿಯೇ ಉಳಿದ. ಇಟ್ಟಿಗೆ, ಜಲ್ಲಿ ಲಾರಿಗಳಿಗೆ ಲೋಡು ಹಾಕುವುದು ಅವನ ಕೆಲಸ. ಅವನ ಹೆಂಡತಿ ಮೈಸೂರು ರಸ್ತೆಯ ಒಂದು ಕಲ್ಯಾಣ ಮಂಟಪದ ಹಿಂಬದಿಯಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದಳು.

ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ, ಸೀರೆ ಇಟ್ಟು, ಮೇಲೊಂದು ಮೊರ ಮುಚ್ಚಿ, ಹಬ್ಬಕ್ಕೆ ಮೊದಲು ಹೆಣ್ಣುಮಗಳ ಮನೆಗೆ ಹೋಗಿ ಕೊಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಅಮ್ಮ ಹೋದ ಮೇಲೆ ಅದು ತಮ್ಮನ ಪಾಲಿಗೆ ಬಂತು. ನನ್ನ ಓರಗಿತ್ತಿಗೆ, ಎಂದರೆ ನನ್ನ ಯಜಮಾನರ ಅಣ್ಣನ ಹೆಂಡತಿಗೆ, ತುಮಕೂರಿನ ತವರಿನಿಂದ ಕಾರಿನಲ್ಲಿ ಬಾಗಿನ ಬರುತ್ತಿತ್ತು. ನನ್ನ ತಮ್ಮ ಬಸ್ಸಿನಲ್ಲಿ ಬಂದು, ವೀಳ್ಯದೆಲೆಯ ಮೇಲೆ ಅರಿಶಿನ ಕುಂಕುಮದ ಪೊಟ್ಟಣವನ್ನೂ ಒಂದು ರವಿಕೆ ಕಣವನ್ನೂ ಇಟ್ಟು ಕೊಟ್ಟು, ನೀರು ಕುಡಿದು ಹೊರಟುಬಿಡುತ್ತಿದ್ದ. ಪಾಪ, ಬಸ್ ಚಾರ್ಜಿಗೇ ಎಲ್ಲ ಮುಗಿದುಹೋಗಿರತ್ತೆ ಎಂದು ಓರಗಿತ್ತಿ ಅವನು ಗೇಟು ದಾಟುವ ಮೊದಲೇ ಹೇಳಿದ್ದುಂಟು. ನನ್ನ ಸಂಬಳದಲ್ಲಿ ಸ್ವಲ್ಪ ಕೊಡುತ್ತೇನೆ, ಒಂದು ಸಲವಾದರೂ ಮೊರ ತಂದು ಕೊಡು ಎಂದು ನಾನು ತಮ್ಮನನ್ನು ಕೇಳಿಯೂ ನೋಡಿದೆ. ಅವನು ನನ್ನ ಮುಖ ನೋಡದೆ ಹೇಳಿದ:

“ನಿನ್ ದುಡ್ಡಲ್ಲಿ ನಿಂಗೇ ಬಾಗಿನ ತಂದ್ಕೊಡಕ್ಕೆ ನಾನ್ಯಾಕೆ ಬೇಕಕ್ಕಾ? ಕೊರಿಯರ್‌ನೋನು ಸಾಕು.”

ಆಮೇಲೆ ನಾನು ಆ ಮಾತೆತ್ತಲಿಲ್ಲ.

ಒಂದು ವರ್ಷ ಅವನ ಬದಲು ಹೆಂಡತಿ ಬಂದಿದ್ದಳು. ಹಿಂದಿನ ದಿನದ ಮದುವೆಯಲ್ಲಿ ಹೆಣ್ಣಿನ ತಂದೆ ಸಂತೋಷದಿಂದ ಕೊಟ್ಟನೆಂದು ಒಂದು ಡಬ್ಬಿ ಲಾಡು ತಂದಿದ್ದಳು. ನನ್ನ ಓರಗಿತ್ತಿಯನ್ನು ಅವಳು “ಅಮ್ಮೋರೆ” ಎಂದೇ ಕರೆಯುತ್ತಿದ್ದುದು. ಕೆಲಸದವರು ಕರೆಯುವ ಹಾಗೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮೋರಿಗೆ ಕೊಟ್ಟಳು. ಅವಳು ಕಾಫಿ ಕುಡಿದು ಹೊರಡುವಷ್ಟರಲ್ಲಿ ಆ ಡಬ್ಬಿ ಕಾಂಪೌಂಡ್ ಗೋಡೆಯ ಮೇಲಿತ್ತು, ಬೀದಿ ಗುಡಿಸುವವರು ತೆಗೆದುಕೊಂಡು ಹೋಗಲಿ ಎಂದು. ಅವಳು ನೋಡಿದಳು. ಚಪ್ಪಲಿ ಹಾಕಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದಳು. ನಾನು ಡಬ್ಬಿಯನ್ನು ಇಳಿಸಿ ಮಹಡಿಗೆ ತಂದು, ನಾನೂ ಯಜಮಾನರೂ ವಾರವಿಡೀ ತಿಂದೆವು. ಒಳ್ಳೆಯ ತುಪ್ಪದ ಲಾಡು. ಓರಗಿತ್ತಿಗೆ ಹಾಗೆಂದು ಹೇಳಿಯೂ ಹೇಳಿದೆ.

ಹೀಗಿದ್ದ ತಮ್ಮನ ಮನೆಗೆ ಸರ್ಕಾರದ ಹಣ ಬರತೊಡಗಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಆ ಹೆಂಗಸಿನ ಬ್ಯಾಂಕ್ ಖಾತೆಗೆ ತಿಂಗಳು ತಿಂಗಳೂ ನೇರವಾಗಿ ಹಣ ಹಾಕುತ್ತಾರೆ ಎಂಬ ಸುದ್ದಿಯನ್ನು ತಮ್ಮ ನಂಬಿರಲಿಲ್ಲ. ನಡುವೆ ಇನ್ನೊಬ್ಬರ ಕೈ ಇಲ್ಲದೆ ಬರುವ ಹಣವನ್ನು ಅವನು ಕಂಡವನಲ್ಲ. ಲೋಡಿನ ಕೂಲಿಯೂ ಮೇಸ್ತ್ರಿಯ ಜೇಬಿನಲ್ಲಿ ಒಂದು ರಾತ್ರಿ ಮಲಗಿಯೇ ಬರುತ್ತಿತ್ತು. ಮೊದಲ ಕಂತು ಬಂದ ದಿನ ಅವನ ಹೆಂಡತಿ ನನಗೆ ಫೋನು ಮಾಡಿ, “ಅತ್ಗೆ, ಬಂದೈತೆ” ಎಂದಳು. ಗಟ್ಟಿಯಾಗಿ ಹೇಳಿದರೆ ಯಾರಾದರೂ ಕೇಳಿಸಿಕೊಂಡು ವಾಪಸು ತೆಗೆದುಕೊಂಡಾರು ಎಂಬಂಥ ದನಿ ಅದು.

ಆ ಹಣದಲ್ಲಿ ಅವಳು ಮೊದಲು ಮಾಡಿಸಿದ್ದು ಬಚ್ಚಲಿಗೆ ಒಂದು ಬಾಗಿಲು. ಮನೆಯ ಹಿಂದೆ ಸಿಮೆಂಟ್ ಇಟ್ಟಿಗೆಯ ಮೂರು ಗೋಡೆ, ನಾಲ್ಕನೆಯ ಕಡೆ ಹಳೆಯ ಸೀರೆ; ಮದುವೆಯಾಗಿ ಬಂದಾಗಿನಿಂದ ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮುಗಿಸುತ್ತಿದ್ದವಳು. ಕೆಂಗೇರಿಯಲ್ಲಿ ವೆಲ್ಡಿಂಗ್ ಮಾಡಿಸಿ ತಗಡಿನ ಬಾಗಿಲು ತರಿಸಿದಳು. ಹೊಟ್ಟೆಗಿಲ್ಲದಿದ್ದರೂ ಬಚ್ಚಲಿಗೆ ಬಾಗಿಲು ಬಂತು ನೋಡು ಎಂದು ತಮ್ಮ ನಕ್ಕ. ಬಾಗಿಲು ಕೂರಿಸಿದ ದಿನ ಅವಳು ಹಗಲು ಹನ್ನೊಂದು ಗಂಟೆಗೆ ಚಿಲಕ ಹಾಕಿಕೊಂಡು ಸ್ನಾನ ಮಾಡಿದಳಂತೆ. ಅದನ್ನು ನನಗೆ ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಾನು ನಗಲಿಲ್ಲ. ಇಷ್ಟು ವರ್ಷ ಅಲ್ಲಿಗೆ ಹೋಗಿ ಬಂದವರಲ್ಲಿ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ನನ್ನನ್ನೂ ಸೇರಿಸಿ.

ಉಳಿದ ಬದಲಾವಣೆಗಳು ಹೊರಗಿನವರಿಗೆ ಕಾಣುವಂಥವಲ್ಲ. ಊರ ಅಂಗಡಿಯವನು ಅವಳನ್ನು ಎಲ್ಲರಾದ ಮೇಲೆ ವಿಚಾರಿಸುತ್ತಿದ್ದವನು, ಸರದಿಯಲ್ಲಿ ವಿಚಾರಿಸತೊಡಗಿದ. ತಮ್ಮ ಮೊದಮೊದಲು “ಏನ್ ಯಜಮಾನಿ, ಟೀಗೆ ಕಾಸ್ ಕೊಡ್ತೀಯಾ?” ಎಂದು ಜನರೆದುರು ಹಂಗಿಸುತ್ತಿದ್ದ; ಕೆಲವು ತಿಂಗಳಾದ ಮೇಲೆ ಅದೇ ಮಾತನ್ನು ಜನರಿಲ್ಲದಾಗ, ನಿಜವಾಗಿ ಕೇಳತೊಡಗಿದ. ಒಂದು ಸಂಜೆ ಮಂಟಪದ ಮೇಸ್ತ್ರಿ, ಮಿಕ್ಕ ಸಾರು ಮನೆಗೆ ಒಯ್ಯುತ್ತಾಳೆಂದು ಅಡುಗೆಯವರೆದುರು ಅವಳ ಚೀಲ ಬಿಚ್ಚಿಸಿದ. ಚೀಲದಲ್ಲಿ ಅವಳ ಬದಲಿ ಸೀರೆಯ ಹೊರತು ಬೇರೇನೂ ಇರಲಿಲ್ಲ. ಅವಳು ಕೈ ಒರೆಸಿಕೊಂಡು ಎದ್ದು ಬಂದಳು. ಆ ಹಣದಿಂದ ಸಂಸಾರ ನಡೆಯುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಕೂತು ಹೂ ಕಟ್ಟಿ ಕೊಡುವ ಕೆಲಸ ಹಿಡಿದಳು. ಆದರೆ ಹಾಗೆ ಎದ್ದು ಬರುವುದು ಅದಕ್ಕೆ ಮೊದಲು ಅವಳಿಂದ ಆಗುತ್ತಿರಲಿಲ್ಲ.

ಇತ್ತ ನಮ್ಮ ಮನೆಯ ವಿಚಾರ. ಕೆಳಗಿನ ಮನೆ ಭಾವನವರದು, ಮಹಡಿ ನಮ್ಮದು. ದೇವರ ಮನೆ ಮಾತ್ರ ಕೆಳಗೆ, ಇಬ್ಬರಿಗೂ ಸೇರಿದ್ದು. ಭಾವ ನಿವೃತ್ತ ಅಧಿಕಾರಿ. ಬೆಳಗ್ಗೆ ಪಾರ್ಕಿನಲ್ಲಿ ತಮ್ಮಂಥವರೊಡನೆ ನಾಲ್ಕು ಸುತ್ತು ಹಾಕಿ ಬಂದು, ಜನರನ್ನು ಸೋಮಾರಿ ಮಾಡುತ್ತಿದ್ದಾರೆ, ನಮ್ಮ ತೆರಿಗೆ ಹಾಳು ಎಂದು ಕಾಫಿಯ ಜೊತೆ ಹೇಳುವುದು ಅವರ ನಿತ್ಯಕರ್ಮವಾಯಿತು. ಇದೇ ಭಾವನವರು ಬಸವೇಶ್ವರನಗರದಲ್ಲಿ ಸರ್ಕಾರಿ ದರಕ್ಕೆ ಸಿಕ್ಕ ಸೈಟನ್ನು ಮಾರಿ ಮಗಳ ಮದುವೆ ಮಾಡಿದರು. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗ ಅನ್ಯಾಯ, ಅನ್ಯಾಯ ಎಂದು ತಿಂಗಳುಗಟ್ಟಲೆ ಹಲ್ಲು ಕಡಿದರು. ಕೆಳಗಿನ ಮನೆಗೂ ಮೇಲಿನ ಮನೆಗೂ ಕರೆಂಟ್ ಬಿಲ್ಲು ಸೊನ್ನೆ ಬರುತ್ತದೆ. ಓರಗಿತ್ತಿ ಟಿಕೆಟ್ಟಿಗೆ ಕಾಸು ಕೊಡದೆ ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೋಗಿ ಬರುತ್ತಾರೆ. ಇದನ್ನೆಲ್ಲ ನಾನು ಒಂದೊಂದಾಗಿ ಅವರ ಮುಂದೆ ಇಟ್ಟೆ. ನೀನು ಟೀಚರ್, ನಿನಗೆ ವಾದ ಮಾಡೋದು ಅಭ್ಯಾಸ ಎಂದು ಭಾವ ಪತ್ರಿಕೆ ಎತ್ತಿಕೊಂಡರು.

ಹಣ ಶುರುವಾದ ವರ್ಷವೇ ನನ್ನ ಯಜಮಾನರು ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮುಂದಿನ ವರ್ಷ ಬೇಸಗೆಯಲ್ಲೇ ತಮ್ಮನ ಹೆಂಡತಿ ನನಗೆ ಹೇಳಿಟ್ಟಳು: ಈ ಸಲ ಗೌರಿ ಹಬ್ಬಕ್ಕೆ ನಿಮಗೆ ಮೊರದ ಬಾಗಿನ ತರುತ್ತೇನೆ, ಸೀರೆಯನ್ನು ನಾನೇ ಆರಿಸುತ್ತೇನೆ, ನೀವು ಬೇಡವೆನ್ನಬಾರದು. ಗಂಡನಿದ್ದಾಗ ಬಾಗಿನ ತರಲು ಅವರ ಹತ್ತಿರ ಹಣವಿರಲಿಲ್ಲ. ಹಣ ಬಂದಾಗ ಬಾಗಿನ ತೆಗೆದುಕೊಳ್ಳಲು, ಈ ಮನೆಯವರ ಲೆಕ್ಕದಲ್ಲಿ, ನನಗೆ ಯೋಗ್ಯತೆ ಇರಲಿಲ್ಲ. ಅವಳಿಗೆ ಇದು ತಿಳಿಯದ ಸಂಗತಿಯಲ್ಲ. ತಿಳಿದೇ ಹೇಳಿದಳು. ಆಗಲಿ ಎಂದೆ.

ಹಬ್ಬಕ್ಕೆ ಇನ್ನೂ ತಿಂಗಳುಗಳಿರುವಾಗಲೇ ಹಣ ಬರುವುದು ನಿಂತಿತು. ಈ ತಿಂಗಳು ಬರಬಹುದು, ಮುಂದಿನ ತಿಂಗಳು ಸೇರಿಸಿ ಹಾಕಬಹುದು ಎಂದು ಅವಳು ಕಾದಳು. ಒಂದು ದಿನ ನಾನೇ ಕೆಂಗೇರಿಗೆ ಹೋಗಿ ಅವಳ ಜೊತೆ ಬ್ಯಾಂಕಿನಲ್ಲಿ ವಿಚಾರಿಸಿದೆ. ಕೌಂಟರಿನ ಹುಡುಗ ಅವಳ ಪಾಸ್‌ಬುಕ್ಕನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿಕೊಂಡು, ಮೇಲಿಂದಲೇ ಬಂದಿಲ್ಲ ಆಂಟಿ ಎಂದ. ಖಾತೆ ಇವರದು, ಇವರಿಗೆ ಹೇಳಪ್ಪ ಎಂದೆ. ಅವನು ಅವಳಿಗೆ ಹೇಳಲಿಲ್ಲ. ಪಾಸ್‌ಬುಕ್ಕನ್ನು ಅವಳ ಕಡೆ ತಳ್ಳಿದ.

ಶ್ರಾವಣ ಬಂದು ಮದುವೆಗಳು ಶುರುವಾದಾಗ ಅವಳು ಮತ್ತೆ ಅದೇ ಮಂಟಪಕ್ಕೆ ಹೋದಳು. ಮೇಸ್ತ್ರಿ ಬೈಯಲಿಲ್ಲ. “ಬಂದ್ಯಾ ಯಜಮಾನಿ? ಬಾ, ಬಾ, ಹಂಡೆಗಳು ಕಾಯ್ತಾ ಅವೆ” ಎಂದು ನಗುತ್ತಾ ತೊಟ್ಟಿಯ ಕಡೆ ಕೈ ತೋರಿಸಿದನಂತೆ. ಇದನ್ನು ಅವಳು ನನ್ನೊಬ್ಬಳಿಗೆ ಹೇಳಿದಳು. ಬಾಗಿನದ ಸಲುವಾಗಿ ಹೋಗಬೇಡ ಎಂದು ಅಂಗಲಾಚಿದೆ. ಹೇಳಿ ಆಗಿದೆಯಲ್ಲ ಅತ್ಗೆ ಎಂದು ಬಿಟ್ಟಳು.

ಶ್ರಾವಣದ ಕೊನೆಯ ಭಾನುವಾರ ಅವಳು ಬಂದಳು. ತಮ್ಮ ಬರಲಿಲ್ಲ, ಹೆಂಡತಿ ಪಾತ್ರೆ ತೊಳೆದು ತಂದ ಬಾಗಿನವನ್ನು ತಾನು ಹಿಡಿದು ಬರುವುದು ಅವನಿಂದಾಗಲಿಲ್ಲ. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಹಸಿ ಬಿದಿರಿನ ವಾಸನೆ ಇನ್ನೂ ಹೋಗಿರದ ಎರಡು ಮೊರಗಳನ್ನು ಬಟ್ಟೆಯಲ್ಲಿ ಕಟ್ಟಿ, ಕೂಸನ್ನು ಎತ್ತಿಕೊಳ್ಳುವ ಹಾಗೆ ಎದೆಗಾನಿಸಿಕೊಂಡು ಗೇಟು ತೆಗೆದಳು. ಗೇಟಿನ ಸದ್ದಿಗೆ ನಾನು ಮಹಡಿಯಿಂದ ಇಳಿದೆ. ಓರಗಿತ್ತಿ ಬಾಗಿಲಲ್ಲೇ ನಿಂತು, ಏನಮ್ಮ ಇದು, ಮೊರ ಎಲ್ಲ ತಂದುಬಿಟ್ಟಿದ್ದೀಯ ಎಂದರು.

“ಅತ್ಗೆಗೆ ಗೌರಿ ಬಾಗಿನ, ಅಕ್ಕ.”

ಅಮ್ಮೋರೆ ಎನ್ನಲಿಲ್ಲ. ಅಕ್ಕ ಎಂದಳು. ಸೊಸೆಯ ತವರಿನವಳು ಆ ಮನೆಯ ಹಿರಿಯ ಸೊಸೆಯನ್ನು ಕರೆಯಬೇಕಾದ ರೀತಿಯೇ ಅದು, ಆದರೆ ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಅದು ಬಂದದ್ದು ಅಂದೇ ಮೊದಲು. ಓರಗಿತ್ತಿಗೂ ಅದು ತಾಗಿತು. ನಮ್ಮನ್ನು ಹಾಲಿಗೆ ಬಿಟ್ಟುಕೊಂಡು, ಬಟ್ಟೆ ಸರಿಸಿ, ಮೇಲಿನ ಮೊರ ಎತ್ತಿ, ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ತಿಳಿ ಹಸಿರು, ಕಂದು ಅಂಚು. ಈಗಿನ ನನ್ನ ವಯಸ್ಸಿಗೂ ಸ್ಥಿತಿಗೂ ಒಪ್ಪುವಂಥದನ್ನು ಯೋಚಿಸಿಯೇ ತಂದಿದ್ದಳು.

“ಪರವಾಗಿಲ್ವೇ. ಗೌರ್ಮೆಂಟ್ ಸೀರೇನಾ?”

ಭಾವ ಒಳಗಿನಿಂದ, ಪತ್ರಿಕೆ ಇಳಿಸದೆ, ಹಾಗಾದರೆ ನಾವು ಕಟ್ಟಿದ ಟ್ಯಾಕ್ಸಿನಲ್ಲಿ ನಮ್ಮ ಮನೆಗೇ ಬಾಗಿನ ಬಂತು ಎನ್ನು ಎಂದು ನಕ್ಕರು.

ನಾನು ಬಾಯಿ ತೆರೆದಿದ್ದೆ. ಅದು ಸರ್ಕಾರದ ಹಣವಲ್ಲ, ಶ್ರಾವಣದ ಮದುವೆಗಳಲ್ಲಿ ನಿಮ್ಮಂಥವರು ಉಂಡೆದ್ದ ಪಾತ್ರೆಗಳನ್ನು ಸೊಂಟ ಬೀಳುವಂತೆ ತೊಳೆದ ಹಣ ಎಂಬ ಮಾತು ನಾಲಗೆಯ ಮೇಲಿತ್ತು. ಆದರೆ ಅವಳು ಮೊರ ಸರಿ ಮಾಡುವ ನೆಪದಲ್ಲಿ ನನ್ನ ಮುಂಗೈ ಹಿಡಿದು ಅದುಮಿದಳು. ಅವಳು ಯಾಕೆ ತಡೆದಳೆಂದು ಆ ಕ್ಷಣವೇ ನನಗೆ ಅರ್ಥವಾಗಿತ್ತು. ಬಿಟ್ಟಿ ಹಣದವಳು ಎಂದು ಅವರು ಹೊಟ್ಟೆ ಉರಿದುಕೊಳ್ಳಬಹುದು. ಮತ್ತೆ ಎಂಜಲು ಪಾತ್ರೆಗೇ ಹೋಗುತ್ತಿದ್ದಾಳೆ ಎಂದು ತಿಳಿದರೆ ಆ ಮೊರವೂ ಕಾಂಪೌಂಡ್ ಗೋಡೆ ಹತ್ತುತ್ತದೆ.

ಓರಗಿತ್ತಿ ಅಲ್ಲಿಗೂ ಬಿಡಲಿಲ್ಲ. ದೇವರ ಮನೆಯ ಬಾಗಿಲನ್ನು ಮೆತ್ತಗೆ ಎಳೆದುಕೊಂಡು, ದನಿ ತಗ್ಗಿಸಿ, ಬುದ್ಧಿ ಹೇಳುವ ಹಾಗೆ ಹೇಳಿದರು.

“ಇವಳಿಗೆ ಹೆಂಗೆ ಕೊಡ್ತೀಯಮ್ಮ ಬಾಗಿನಾನ? ಗಂಡ ಹೋದೋಳಿಗೆ ಕೊಟ್ರೆ ನಿಂಗೇ ಒಳ್ಳೇದಲ್ಲ. ತಂದಿದ್ದು ತಂದಿದೀಯ, ಸುಮ್ನೆ ವೇಸ್ಟ್ ಯಾಕೆ? ನಂಗೆ ಕೊಡು. ನಾನೂ ಈ ಮನೆ ಸೊಸೆನೇ ತಾನೆ?”

ತಮ್ಮನ ಹೆಂಡತಿ ಸೆರಗು ಸರಿಮಾಡಿಕೊಂಡಳು.

“ನಿಮ್ಗೆ ನಿಮ್ ತವರಿಂದ ಬತ್ತದಲ್ಲ ಅಕ್ಕ. ಇದು ನಮ್ಮನೆ ಹೆಣ್ಮಗಳಿಗೆ ತಂದಿರೋದು. ಯಜಮಾನ್ರು ಹೋದ್ರು ಅಂತ ಇವ್ರು ನಮ್ಮನೆ ಮಗಳಾಗಿರೋದು ನಿಂತೋಯ್ತಾ?”

ಹೇಳಿ ನನ್ನ ಕಡೆ ತಿರುಗಿ, ಮೇಲೆ ಹೋಗೋಣ ಬನ್ನಿ ಅತ್ಗೆ ಎಂದಳು. ಮೇಲೆ ಬೇಡ ಎಂದೆ. ಇಲ್ಲೇ, ಈ ಹಾಲಿನಲ್ಲಿ, ಇವರೆದುರೇ ಕೊಡು ಎಂದೆ. ಅವಳು ಮೊರದ ಮೇಲೆ ಸೆರಗು ಹೊದಿಸಿ ನನ್ನ ಮುಂದೆ ಚಾಚಿದಳು. ಅವಳ ಕೈಯ ಚರ್ಮ ಸೋಪಿನ ನೀರಿಗೆ ಬಿರಿದು ಬೆಳ್ಳಗಾಗಿತ್ತು; ಸೆರಗಿನ ಕೆಳಗೆ ಅದು ಯಾರಿಗೂ ಕಾಣಲಿಲ್ಲ. ನಾನು ಮೊರ ತೆಗೆದುಕೊಂಡೆ. ಓರಗಿತ್ತಿ ಅಡುಗೆಮನೆಗೆ ಹೋದರು. ಭಾವ ಒಂದು ಹಾಳೆ ಮಗುಚಿದರು.

ಅವಳು ಹೊರಡುವಾಗ ಓರಗಿತ್ತಿ ಮತ್ತೆ ಬಾಗಿಲಿಗೆ ಬಂದರು. ಅವರ ಮೊಮ್ಮಗಳು ಬಸುರಿ; ಮಹಾಲಯ ಕಳೆದ ಮೇಲೆ ಸೀಮಂತವೆಂದು ನಿಶ್ಚಯವಾಗಿತ್ತು. ಪಾತ್ರೆಗೆ ಜನ ಬೇಕಾಗಬಹುದು, ನೀನೇ ಬರ್ತೀಯೇನಮ್ಮ, ಹೊರಗಿನವರಿಗೆ ಕೊಡೋದನ್ನ ನಿನಗೇ ಕೊಡೋಣ ಎಂದು ಕೇಳಿದರು. ಮುಖದಲ್ಲಿ ಕರುಣೆಯಿತ್ತು. ನನ್ನ ಜೀವಮಾನದಲ್ಲಿ ನಾನು ಕಂಡ ಅತ್ಯಂತ ಹೊಲಸು ಕರುಣೆ ಅದು.

“ಆ ಕೆಲಸ ಬಿಟ್ಬಿಟ್ಟೆ ಅಕ್ಕ” ಎಂದಳು ತಮ್ಮನ ಹೆಂಡತಿ. “ಈಗ ಯಾರ ಮನೆಗೂ ಹೋಗಲ್ಲ.”

ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ಸಂಜೆ ಐದಕ್ಕೆ ಮಂಟಪದಲ್ಲಿ ಆರತಕ್ಷತೆ, ಅಷ್ಟರೊಳಗೆ ಸೀರೆ ಬದಲಿಸಿ ಅಲ್ಲಿರಬೇಕು ಎಂದು ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು.

ಸೀಮಂತದ ಕರೆಯೋಲೆ ಮಹಡಿಗೆ ಬಂದಾಗ ಮಂಟಪದ ಹೆಸರನ್ನು ಎರಡು ಸಲ ಓದಿದೆ. ಮೊಮ್ಮಗಳ ಅತ್ತೆಮನೆ ಕೆಂಗೇರಿ ಉಪನಗರದಲ್ಲಿದೆ; ಅವರಿಗೆ ಹತ್ತಿರವಾಗಲೆಂದು ಹಿಡಿದಿದ್ದು ತಮ್ಮನ ಹೆಂಡತಿ ಪಾತ್ರೆ ತೊಳೆಯುವ ಮಂಟಪವನ್ನೇ. ಕೂಡಲೇ ಅವಳಿಗೆ ಫೋನು ಮಾಡಿದೆ. ಅಂದು ಇಬ್ಬರು ಹೆಂಗಸರು ಮೊದಲೇ ರಜ ಕೇಳಿದ್ದಾರೆ, ತಾನೂ ಹೋಗದಿದ್ದರೆ ಮೇಸ್ತ್ರಿ ಮತ್ತೆ ಸೇರಿಸುವುದಿಲ್ಲ ಎಂದಳು. ಹಣ ಬಂತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಹೋಗು, ಹಿಂಬದಿಗೆ ಯಾರೂ ಬರುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದೆ.

“ಇಲ್ಲ ಅತ್ಗೆ. ಅವ್ರು ಕೈ ತೊಳಿಯಕ್ಕೆ ಹಿಂದ್ಗಡೇನೇ ಬರ್ಬೇಕು.”

ಸೀಮಂತಕ್ಕೆ ನಾನು ಬಾಗಿನದ ಸೀರೆಯುಟ್ಟು ಹೋದೆ. ಆರತಿ ಎತ್ತುವವರ, ಮಡಿಲು ತುಂಬುವವರ ಸಾಲಿನಲ್ಲಿ ನನಗೆ ಕೆಲಸವಿಲ್ಲದ್ದರಿಂದ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಕೈ ತೊಳೆಯಲು ಹೋದಾಗ ತೊಟ್ಟಿಯ ಬಳಿ ನೋಡಿದೆ. ಯಾರೋ ಹೊಸ ಹೆಂಗಸು, ಒಬ್ಬಳೇ, ಲೋಟಗಳ ರಾಶಿಯ ನಡುವೆ ಏಗುತ್ತಿದ್ದಳು. ತಮ್ಮನ ಹೆಂಡತಿ ಬಂದಿರಲಿಲ್ಲ.

ಊಟಕ್ಕೆ ಓರಗಿತ್ತಿ ನನ್ನ ಪಕ್ಕದ ಎಲೆಗೆ ಬಂದು ಕುಳಿತರು. ನೀರಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನನಗೆ ತೋರಿಸಿದರು.

“ನೋಡೇ, ಜಿಡ್ಡು ಹಂಗೇ ಇದೆ. ಮ್ಯಾನೇಜರ್‌ನ ಕೇಳ್ದೆ. ಹಳಬಳು ಹೇಳ್ದೆ ಕೇಳ್ದೆ ಕೈಕೊಟ್ಳಂತೆ. ಇನ್ಮೇಲೆ ಸೇರ್ಸಲ್ಲ ಅಂತಿದಾರೆ. ತಿಂಗಳಾದ್ರೆ ಬಿಟ್ಟಿ ದುಡ್ಡು ಬಂದು ಬೀಳತ್ತೆ, ಇಂಥವರು ಕೆಲಸ ಯಾಕೆ ಮಾಡ್ತಾರೆ ಹೇಳು?”

ಆಡಿದ ಮಾತಿಗೆ ತಿರುಗಿ ಉತ್ತರ ಕೊಡದೆ ನಾನು ಈ ಮನೆಯಲ್ಲಿ ಬಾಳಿದವಳಲ್ಲ. ಅಂದು ನನ್ನ ಬಳಿ ಇದ್ದಷ್ಟು ಪೂರ್ತಿಯಾದ, ನೇರವಾದ ಉತ್ತರ ಹಿಂದೆ ಯಾವತ್ತೂ ಇರಲಿಲ್ಲ. ಎರಡು ವಾಕ್ಯ ಸಾಕಿತ್ತು. ಆದರೆ ಆ ಎರಡು ವಾಕ್ಯ ಆಡಿದರೆ, ಕೈಯಲ್ಲಿದ್ದ ಕೂಲಿಯನ್ನು ಬಿಟ್ಟು ಅವಳು ಉಳಿಸಿಕೊಂಡಿದ್ದು ಆ ಪಂಕ್ತಿಯಲ್ಲೇ, ಸಾರು ಬಡಿಸುವವನ ಎದುರೇ ಮುಗಿದುಹೋಗುತ್ತಿತ್ತು.

ಓರಗಿತ್ತಿ ಬಡಿಸುವವನನ್ನು ಕರೆದು, ಇವಳಿಗೆ ಪಾಯಸ ಹಾಕಪ್ಪ ಎಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.